ದೀಕ್ಷಾಸ್ನಾನವೋ, ಸ್ನಾನದೀಕ್ಷೆಯೋ? ಒಂದೇ ಬೈಬಲ್‌ಗೆ ಇಷ್ಟೊಂದು ಕನ್ನಡ ಯಾಕೆ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತು ಎರಡು ಪದಗಳಿಂದ ಶುರು ಮಾಡೋಣ. ಒಂದು, ದೀಕ್ಷಾಸ್ನಾನ. ಇನ್ನೊಂದು, ಸ್ನಾನದೀಕ್ಷೆ. ಎರಡರಲ್ಲೂ ಇರೋದು ಅದೇ ದೀಕ್ಷೆ, ಅದೇ ಸ್ನಾನ. ಹಿಂದುಮುಂದು ಆಗಿದೆ ಅಷ್ಟೆ. ಆದ್ರೆ ಚಿಕ್ಕಬಳ್ಳಾಪುರದಲ್ಲೋ ಚಿಂತಾಮಣಿಯಲ್ಲೋ ಒಬ್ಬರು ಕ್ರೈಸ್ತರು ಇವೆರಡರಲ್ಲಿ ಯಾವ ಪದ ಬಳಸ್ತಾರೆ ಅನ್ನೋದನ್ನ ಕೇಳಿದರೆ ಸಾಕು, ಅವರು ಭಾನುವಾರ ಯಾವ ಬಾಗಿಲಿನ ಒಳಗೆ ಹೋಗ್ತಾರೆ ಅಂತ ಹೆಚ್ಚುಕಡಿಮೆ ಊಹಿಸಬಹುದು. ದೀಕ್ಷಾಸ್ನಾನ ಅಂದವರು ಬಹುಮಟ್ಟಿಗೆ ಪ್ರೊಟೆಸ್ಟೆಂಟರು, ಅಂದ್ರೆ ಸಿಎಸ್‌ಐ, ಪೆಂತೆಕೋಸ್ತ್ ಮುಂತಾದ ಸಭೆಗಳವರು. ಸ್ನಾನದೀಕ್ಷೆ ಅಂದವರು ಕ್ಯಾಥೋಲಿಕರು. ಅವರ ಮನೆಯ ಹಿರಿಯರು ಜ್ಞಾನಸ್ನಾನ ಅಂತಲೂ ಅನ್ನಬಹುದು. ಇನ್ನು ಮನೆಯಲ್ಲಿ ತೆಲುಗು ಮಾತಾಡಿ ತೆಲುಗು ಬೈಬಲ್ ಓದೋರಾದ್ರೆ, ಅವರ ಬಾಯಲ್ಲಿ ಬರೋದು ಬಾಪ್ತಿಸ್ಮಮು.

ಒಂದೇ ಆಚರಣೆ, ನಾಲ್ಕು ಹೆಸರು. ಕೇಳೋಕೆ ಚೆಂದ. ಆದ್ರೆ ಇದು ಬರೀ ಪದಗಳ ಕಥೆ ಅಲ್ಲ. ನಮ್ಮ ಕೇಳುಗರೊಬ್ಬರು ಕಳಿಸಿದ ಪ್ರಶ್ನೆಯ ಸಾರ ಹೀಗಿತ್ತು: "ನಾನು ಫೋನ್‌ನಲ್ಲಿ ಸುಲಭ ಕನ್ನಡದ ಬೈಬಲ್ ಓದ್ತೀನಿ. ಪ್ರಾರ್ಥನಾ ಕೂಟದಲ್ಲಿ ಹಿರಿಯರೊಬ್ಬರು, ಅದು ದೇವರ ವಾಕ್ಯ ಅಲ್ಲ, ಯಾರೋ ತಿದ್ದಿ ಮಾಡಿದ್ದು ಅಂದ್ರು. ಹಾಗಾದ್ರೆ ನಾನು ಇಷ್ಟು ದಿನ ಓದಿದ್ದೇನು?" ನೋಡಿ, ಇದು ಸಣ್ಣ ಪ್ರಶ್ನೆ ಅಲ್ಲ. ನಂಬಿಕೆ ಇರೋರಿಗೆ ಇದು ನಿದ್ದೆ ಕೆಡಿಸೋ ಪ್ರಶ್ನೆ. ನಂಬಿಕೆ ಇಲ್ಲದೋರಿಗೂ, ಬೇರೆ ಧರ್ಮದೋರಿಗೂ ಇದರಲ್ಲಿ ತಿಳಿಯೋದು ಬೇಕಾದಷ್ಟಿದೆ. ಯಾಕಂದ್ರೆ ಇದು ನಮ್ಮ ಕನ್ನಡದ ಕಥೆ ಕೂಡ.

ಅನುವಾದದಲ್ಲೇ ಹುಟ್ಟಿದ ಪುಸ್ತಕ

ಮೊದಲು ಒಂದು ಮೂಲ ವಿಷಯ. ಎಲ್ಲಾ ಧರ್ಮಗಳೂ ಅನುವಾದವನ್ನ ಒಂದೇ ಥರ ನೋಡಲ್ಲ. ಶಿಡ್ಲಘಟ್ಟದಲ್ಲೋ ಚಿಂತಾಮಣಿಯಲ್ಲೋ ನಿಮ್ಮ ಮುಸ್ಲಿಂ ಗೆಳೆಯರನ್ನ ಕೇಳಿ. ಕುರ್‌ಆನ್ ಅಂದ್ರೆ ಅರಬ್ಬಿಯಲ್ಲಿ ಇರೋದು. ಕನ್ನಡದಲ್ಲೋ ಉರ್ದುವಿನಲ್ಲೋ ಇರೋದು ಅದರ ಅರ್ಥ, ವಿವರಣೆ. ನಮಾಜ್ ಆಗೋದು ಅರಬ್ಬಿಯಲ್ಲೇ. ದೇವಸ್ಥಾನದ ಮಂತ್ರವನ್ನೂ ಕನ್ನಡಕ್ಕೆ ತಿರುಗಿಸಿ ಹೇಳಿದರೆ ಅದು ಮಂತ್ರವಾಗಿ ಉಳಿಯುತ್ತಾ ಅನ್ನೋ ಪ್ರಶ್ನೆ ಬರುತ್ತೆ.

ಕ್ರೈಸ್ತರ ವಿಷಯ ಬೇರೆ. ಯೇಸು ಮಾತಾಡಿದ್ದು ಅರಮಾಯಿಕ್ ಭಾಷೆ ಅಂತ ವಿದ್ವಾಂಸರು ಹೇಳ್ತಾರೆ. ಆದ್ರೆ ಅವರ ಕಥೆ ಹೇಳೋ ನಾಲ್ಕು ಸುವಾರ್ತೆಗಳು ನಮಗೆ ಸಿಕ್ಕಿರೋದು ಗ್ರೀಕ್‌ನಲ್ಲಿ. ಅಂದ್ರೆ ಶುರುವಿನಲ್ಲೇ ಅನುವಾದ ಆಗಿಬಿಟ್ಟಿದೆ! ಅದಕ್ಕೂ ಹಿಂದೆ, ಕ್ರಿಸ್ತಪೂರ್ವ ಕಾಲದಲ್ಲೇ ಯೆಹೂದ್ಯರು ತಮ್ಮ ಹೀಬ್ರೂ ಗ್ರಂಥಗಳನ್ನ ಗ್ರೀಕ್‌ಗೆ ತಂದಿದ್ದರು. ಮೊದಲ ಕ್ರೈಸ್ತರಲ್ಲಿ ಬಹಳ ಜನ ಓದಿದ್ದು ಆ ಅನುವಾದವನ್ನೇ. ಹಾಗಾಗಿ ಅನುವಾದ ಮಾಡಬಹುದಾ ಅನ್ನೋ ಜಗಳ ಕ್ರೈಸ್ತರಲ್ಲಿ ಅಷ್ಟಾಗಿ ಇಲ್ಲ. ಇರೋ ಜಗಳ ಬೇರೆ: ಯಾರು ಮಾಡಬೇಕು, ಯಾವ ಮೂಲದಿಂದ ಮಾಡಬೇಕು, ಯಾರಿಗೋಸ್ಕರ ಮಾಡಬೇಕು.

ಈ ಜಗಳ ಎಷ್ಟು ಹಳೆಯದು ಗೊತ್ತಾ? ಸುಮಾರು 1600 ವರ್ಷ. ಜೆರೋಮ್ ಅನ್ನೋ ಪಂಡಿತರು ಬೈಬಲನ್ನ ಹೊಸದಾಗಿ ಲ್ಯಾಟಿನ್‌ಗೆ ತಂದರು. ಉತ್ತರ ಆಫ್ರಿಕಾದ ಓಯಾ ಅನ್ನೋ ಊರಲ್ಲಿ, ಅಂದ್ರೆ ಈಗಿನ ಲಿಬಿಯಾದ ಟ್ರಿಪೋಲಿಯಲ್ಲಿ, ಬಿಷಪ್ ಒಬ್ಬರು ಆ ಹೊಸ ಅನುವಾದದಿಂದ ಯೋನನ ಕಥೆ ಓದಿಸಿದರು. ಯೋನನಿಗೆ ನೆರಳು ಕೊಟ್ಟ ಗಿಡದ ಹೆಸರು ಬದಲಾಗಿತ್ತು. ಹಳೆಯದರಲ್ಲಿ ಅದು ಸೋರೆ ಜಾತಿಯ ಬಳ್ಳಿ, ಹೊಸದರಲ್ಲಿ ಬೇರೆ ಬಳ್ಳಿ. ಅಷ್ಟಕ್ಕೇ ಜನ ಗಲಾಟೆ ಎಬ್ಬಿಸಿದರು. ಬಿಷಪ್ ತಮ್ಮ ಸಭೆಯನ್ನೇ ಕಳಕೊಳ್ಳೋ ಹಾಗಾಯ್ತು ಅಂತ ಸಂತ ಅಗಸ್ಟೀನ್ ಜೆರೋಮ್‌ಗೆ ಪತ್ರ ಬರೀತಾರೆ. ಒಂದು ಸೋರೆ ಬಳ್ಳಿಗೋಸ್ಕರ! ಯಾಕೆ? ಅವರ ಅಪ್ಪ, ತಾತ ಎಲ್ಲ ಕೇಳುತ್ತಾ ಬಂದ ಪದ ಅದು. ಅದನ್ನ ಬದಲಿಸಿದರೆ ಕಾಲ ಕೆಳಗಿನ ನೆಲ ಸರಿದ ಹಾಗೆ ಅನ್ನಿಸುತ್ತೆ. ಕೂಟದ ಹಿರಿಯರ ಸಿಟ್ಟಿನ ಒಳಗೂ ಇದೇ ಇರಬಹುದು. ಅದನ್ನ ಮನಸ್ಸಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಚಿನ್ನಬಳ್ಳಾಪುರದ ಪಾದ್ರಿಗಳು, ಬಳ್ಳಾರಿಯ ಹ್ಯಾಂಡ್ಸ್

ಈಗ ನಮ್ಮೂರಿಗೆ ಬರೋಣ. 18ನೇ ಶತಮಾನದ ಆರಂಭದಲ್ಲಿ ಫ್ರೆಂಚ್ ಜೆಸ್ವಿಟ್ ಪಾದ್ರಿಗಳು ಪಾಂಡಿಚೇರಿಯಿಂದ ಒಳನಾಡಿಗೆ ಬಂದು ಒಂದು ಮಿಷನ್ ನಡೆಸ್ತಿದ್ದರು. ಅದಕ್ಕೆ ಕರ್ನಾಟಕ ಮಿಷನ್ ಅಂತ ಹೆಸರು. ಪುಂಗನೂರು ಅವರ ಒಂದು ನೆಲೆ. ಇನ್ನೊಂದನ್ನ ಅವರು ತಮ್ಮ ಪತ್ರಗಳಲ್ಲಿ ಚಿನ್ನಬಲ್ಲಬರಂ ಅಂತ ಬರೀತಾರೆ. ಚಿನ್ನ ಅಂದ್ರೆ ತೆಲುಗಲ್ಲಿ ಚಿಕ್ಕ. ಹೌದು, ನಮ್ಮ ಚಿಕ್ಕಬಳ್ಳಾಪುರವೇ. ಫಾದರ್ ಲೆ ಗಾಕ್ ಅನ್ನೋರು ಅಲ್ಲಿಂದ ಬರೆದ ಪತ್ರಗಳು ಯುರೋಪಿನಲ್ಲಿ ಅಚ್ಚಾಗಿವೆ.

ಆ ಪಾದ್ರಿಗಳು ಕಲಿತದ್ದು, ಬರೆದದ್ದು ಹೆಚ್ಚಾಗಿ ತೆಲುಗಿನಲ್ಲಿ. ಆದ್ರೆ ಇಡೀ ಬೈಬಲನ್ನ ಅನುವಾದ ಮಾಡಿ ಜನರ ಕೈಗೆ ಕೊಡೋದು ಅವರ ಮೊದಲ ಕೆಲಸ ಆಗಿರಲಿಲ್ಲ. ಪ್ರಾರ್ಥನೆಗಳು, ಧರ್ಮೋಪದೇಶದ ಪ್ರಶ್ನೋತ್ತರ, ಸಂತರ ಕಥೆ, ಇವು ಮೊದಲು. ಯಾಕಂದ್ರೆ ಆಗಿನ ಕ್ಯಾಥೋಲಿಕ್ ದೃಷ್ಟಿಯಲ್ಲಿ ಗ್ರಂಥವನ್ನ ಧರ್ಮಸಭೆಯ ಬೋಧನೆಯ ಜೊತೆಗೇ ಕೇಳಬೇಕು. ಒಬ್ಬೊಬ್ಬರೇ ಕೂತು ಓದಿ ತಮಗೆ ತೋಚಿದ ಅರ್ಥ ಮಾಡಿಕೊಳ್ಳೋದರ ಬಗ್ಗೆ ಅಲ್ಲಿ ಅಳುಕು ಇತ್ತು. 1546ರಲ್ಲಿ ಟ್ರೆಂಟ್ ಮಹಾಸಭೆ ಲ್ಯಾಟಿನ್ ಬೈಬಲನ್ನೇ ಅಧಿಕೃತ ಅಂತ ಸಾರಿತ್ತು. ಬಲಿಪೂಜೆ ಕೂಡ 1960ರ ದಶಕದವರೆಗೆ ಲ್ಯಾಟಿನ್‌ನಲ್ಲೇ ನಡೀತಿತ್ತು.

ಪ್ರೊಟೆಸ್ಟೆಂಟರ ದಾರಿ ಇದಕ್ಕೆ ತಿರುಗುಮುರುಗು. ಮೊದಲು ಪುಸ್ತಕ, ಆಮೇಲೆ ಉಳಿದದ್ದು. ಉಳುವವನೂ ನೇಯುವವನೂ ತನ್ನ ಭಾಷೆಯಲ್ಲಿ ತಾನೇ ಓದಬೇಕು ಅನ್ನೋದು ಅವರ ಹಠ. ಈ ಹಠಕ್ಕೆ ಇಂಗ್ಲೆಂಡಿನ ವಿಲಿಯಂ ಟಿಂಡೇಲ್ ಪ್ರಾಣವನ್ನೇ ತೆತ್ತರು, 1536ರಲ್ಲಿ. ಅದೇ ಮನಸ್ಥಿತಿ ನಮ್ಮ ಕಡೆಗೂ ಬಂತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಕಲಿತು, ಪಂಡಿತರನ್ನ ಜೊತೆಗಿಟ್ಟುಕೊಂಡು ಅನುವಾದಕ್ಕೆ ಕೂತರು. ಆ ಹೊತ್ತಿಗೆ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯವರ ತಂಡವೂ ಕನ್ನಡ ಹೊಸ ಒಡಂಬಡಿಕೆಯನ್ನ ಸಿದ್ಧ ಮಾಡ್ತಿತ್ತು. ಅದು 1820ರ ದಶಕದಲ್ಲಿ ಅಚ್ಚಾಯ್ತು. 1831ರ ಹೊತ್ತಿಗೆ ಬಳ್ಳಾರಿಯವರ ಪೂರ್ತಿ ಬೈಬಲ್ ಬಂತು. ಅಂದ್ರೆ, ಶುರುವಿನಲ್ಲೇ ಕನ್ನಡಕ್ಕೆ ಎರಡು ಅನುವಾದ! 'ಒಂದೇ ಕನ್ನಡ ಬೈಬಲ್ ಇದ್ದ ಕಾಲ' ಅಂತ ಒಂದು ಇರಲೇ ಇಲ್ಲ ಅಂತಲೂ ಹೇಳಬಹುದು.

ಹ್ಯಾಂಡ್ಸ್ ಅವರ ಕನ್ನಡ ಓದೋಕೆ ಗಡುಸು ಅಂತ ಮುಂದಿನವರೇ ದೂರಿದರು. ಮಂಗಳೂರು, ಧಾರವಾಡದ ಕಡೆ ಇದ್ದ ಬಾಸೆಲ್ ಮಿಷನ್‌ನ ವೈಗ್ಲೆ ಮುಂತಾದವರು ಅದನ್ನ ತಿದ್ದೋಕೆ ಕೂತರು. 19ನೇ ಶತಮಾನದಲ್ಲೂ ತಿದ್ದುಪಡಿ, 20ನೇ ಶತಮಾನದಲ್ಲೂ ತಿದ್ದುಪಡಿ. ಇವತ್ತು ಹಿರಿಯರು 'ಹಳೇ ಸತ್ಯವೇದ' ಅಂತ ಎದೆಗೆ ಅವಚಿಕೊಳ್ಳೋ ಪುಸ್ತಕ ಇದೆಯಲ್ಲ, ಅದೇ ಅನೇಕ ಸಲ ಪರಿಷ್ಕಾರ ಆಗಿ ಬಂದಿದ್ದು.

ಬಳ್ಳಾರಿಗೂ ಚಿಕ್ಕಬಳ್ಳಾಪುರಕ್ಕೂ ಏನು ಸಂಬಂಧ ಅಂದ್ರಾ? ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆ ನಿಮಗೆ ಗೊತ್ತಿರಬಹುದು. ಅದು ಶುರುವಾಗಿದ್ದು ಇದೇ ಲಂಡನ್ ಮಿಷನ್‌ನಿಂದ. 1947ರಲ್ಲಿ ದಕ್ಷಿಣ ಭಾರತದ ಹಲವು ಪ್ರೊಟೆಸ್ಟೆಂಟ್ ಸಭೆಗಳು ಕೂಡಿ ಸಿಎಸ್‌ಐ ಆದಾಗ ಲಂಡನ್ ಮಿಷನ್‌ನ ಸಭೆಗಳೂ ಅದರಲ್ಲಿ ಸೇರಿದವು. ಹೀಗೆ ಬಳ್ಳಾರಿಯಲ್ಲಿ ಶುರುವಾದ ಕನ್ನಡದ ಪರಂಪರೆ ನಮ್ಮ ತಾಲ್ಲೂಕುಗಳ ಸಭೆಗಳಿಗೂ ಬಂತು.

'ಹೇಳಿದನು' ಮತ್ತು 'ಹೇಳಿದರು'

ಇನ್ನು ಫೋನ್ ತೆಗೀರಿ. ಬೈಬಲ್ ಆ್ಯಪ್‌ನಲ್ಲಿ ಕನ್ನಡ ಅಂತ ಹುಡುಕಿದರೆ ಒಂದಲ್ಲ, ಹಲವು ಸಿಗುತ್ತೆ. ಬೈಬಲ್ ಸೊಸೈಟಿಯ ಸತ್ಯವೇದವು, ಅದೇ ಸೊಸೈಟಿಯ ಸಿ.ಎಲ್., ಪರಿಶುದ್ಧ ಬೈಬಲ್ ಅನ್ನೋ ಸುಲಭ ಅನುವಾದ, ಕನ್ನಡ ಸಮಕಾಲಿಕ ಅನುವಾದ, ಇತ್ಯಾದಿ. ಸಿ.ಎಲ್. ಅಂದ್ರೆ ಕಾಮನ್ ಲ್ಯಾಂಗ್ವೇಜ್, ಸಾಮಾನ್ಯರ ಭಾಷೆ. ಇದರ ಹಿಂದೆ ಒಂದು ದೊಡ್ಡ ಬದಲಾವಣೆಯ ಕಥೆ ಇದೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ, ವಿಶ್ವಾಸಿಗಳಿಗೆಲ್ಲ ಗ್ರಂಥ ಸುಲಭವಾಗಿ ಸಿಗಬೇಕು, ಬೇಕಾದ್ರೆ ಬೇರೆ ಕ್ರೈಸ್ತರ ಜೊತೆ ಸೇರಿಯೂ ಅನುವಾದ ಮಾಡಬಹುದು ಅಂತು. 1968ರಲ್ಲಿ ಬೈಬಲ್ ಸೊಸೈಟಿಗಳ ಒಕ್ಕೂಟ ಮತ್ತು ವ್ಯಾಟಿಕನ್ ಸೇರಿ ಅದಕ್ಕೆ ನಿಯಮ ಮಾಡಿಕೊಂಡರು. ಕನ್ನಡದಲ್ಲಿ ಅದರ ಫಲವೇ ಕ್ಯಾಥೋಲಿಕರಿಗೂ ಪ್ರೊಟೆಸ್ಟೆಂಟರಿಗೂ ಆಗೋ ಹಾಗೆ ಬಂದ ಈ ಅನುವಾದ. ಕ್ಯಾಥೋಲಿಕರ ಬೈಬಲ್‌ನಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದ್ದರಲ್ಲಿ 66. ಆದ್ದರಿಂದ ಹೆಚ್ಚಿನ ಪುಸ್ತಕಗಳು ಇರೋ ಪ್ರತಿ, ಇಲ್ಲದ ಪ್ರತಿ ಎರಡೂ ಬಂದವು.

ಹಳೆಯದನ್ನೂ ಸಿ.ಎಲ್. ಅನ್ನೂ ಪಕ್ಕಪಕ್ಕ ಇಟ್ಟು ಓದಿ. ಕಣ್ಣಿಗೆ ಮೊದಲು ಬೀಳೋದು ಕ್ರಿಯಾಪದದ ಬಾಲ. ಹಳೆಯದರಲ್ಲಿ ಯೇಸು 'ಹೇಳಿದನು'. ಸಿ.ಎಲ್.ನಲ್ಲಿ 'ಹೇಳಿದರು'. ಹಳೆಯ ಅನುವಾದ ದೇವರಿಗೂ ಯೇಸುವಿಗೂ 'ಅವನು' ಅನ್ನದೆ 'ಆತನು' ಅಂತ ಬಳಸಿ ಒಂದು ಸೂಕ್ಷ್ಮ ಗೌರವ ಇಟ್ಟುಕೊಂಡಿತ್ತು. ಆದ್ರೆ ಇವತ್ತು ಮನೆಯಲ್ಲಿ ತಾತನಿಗೂ ಮೇಷ್ಟ್ರಿಗೂ 'ಬಂದರು, ಹೋದರು' ಅನ್ನೋ ಮಕ್ಕಳಿಗೆ ಯೇಸು 'ಬಂದನು' ಅಂದ್ರೆ ಕಸಿವಿಸಿ. ಇನ್ನೊಂದು ಕಡೆಯವರ ಉತ್ತರವೂ ಕೇಳಿ: ದೇವರನ್ನ ಏಕವಚನದಲ್ಲಿ ಕರೆಯೋದು ಕನ್ನಡದ ಭಕ್ತಿಯ ರೀತಿಯೇ ಅಲ್ವಾ? ವಚನಕಾರರು, ದಾಸರು ದೇವರಿಗೆ 'ನೀನು' ಅಂತಲೇ ಅಲ್ವಾ ಅಂದದ್ದು? ಎರಡೂ ವಾದದಲ್ಲಿ ಹುರುಳಿದೆ. ಒಂದು ಗಮನಿಸಿ: ಹೀಬ್ರೂ, ಗ್ರೀಕ್ ಮೂಲದಲ್ಲಿ ಈ ಗೌರವವಾಚಕದ ಭೇದವೇ ಇಲ್ಲ. ಅಂದ್ರೆ 'ನು' ಅಂತ ಬರೆದವರೂ, 'ರು' ಅಂತ ಬರೆದವರೂ ಇಬ್ಬರೂ ಕನ್ನಡದ ಕಡೆಯಿಂದ ಒಂದು ತೀರ್ಮಾನ ತಗೊಂಡಿದ್ದಾರೆ. ಕನ್ನಡ ವ್ಯಾಕರಣ ಅವರಿಗೆ ಸುಮ್ಮನಿರೋಕೆ ಬಿಡಲ್ಲ. 'ಇರೋದನ್ನ ಇದ್ದ ಹಾಗೇ ಅನುವಾದ ಮಾಡಿ' ಅನ್ನೋರು ಇಲ್ಲಿ ಒಂದು ನಿಮಿಷ ನಿಲ್ಲಬೇಕು.

ಇನ್ನೊಂದು ಉದಾಹರಣೆ. ದೇವರು ತನ್ನ ಮಗನನ್ನ ಲೋಕಕ್ಕೆ ಕೊಟ್ಟ ಅನ್ನೋ ಪ್ರಸಿದ್ಧ ವಾಕ್ಯ ಇದೆಯಲ್ಲ, ಅಲ್ಲಿ ಹಳೆಯದು 'ಕೊಡು' ಅನ್ನೋ ಸಾದಾ ಪದ ಬಳಸುತ್ತೆ. ಸಿ.ಎಲ್. ಬಳಸೋದು 'ಧಾರೆಯೆರೆ' ಅನ್ನೋ ಪದ. ಮದುವೆಮನೆಯಲ್ಲಿ ಧಾರೆ ನೋಡಿದ ಯಾರಿಗೂ ಅದರ ಭಾರ ಗೊತ್ತು. ಕೊಟ್ಟ ಮೇಲೆ ವಾಪಸ್ ಇಲ್ಲ. ಕೆಲವರಿಗೆ ಇದು ಅದ್ಭುತ ಅನುವಾದ. ಇನ್ನು ಕೆಲವರಿಗೆ, ಮೂಲದಲ್ಲಿ ಇಲ್ಲದ ಧಾರೆಯ ನೀರು ಇಲ್ಲಿಗೆ ಎಲ್ಲಿಂದ ಬಂತು ಅನ್ನೋ ಪ್ರಶ್ನೆ.

ಪದಕ್ಕೆ ಪದವೋ, ಅರ್ಥಕ್ಕೆ ಅರ್ಥವೋ

ಇಲ್ಲೇ ಅನುವಾದದ ಎರಡು ದಾರಿ ಸಿಗುತ್ತೆ. ಒಂದು ಪದದ ಹಿಂದೆ ಹೋಗೋದು, ಇನ್ನೊಂದು ಅರ್ಥದ ಹಿಂದೆ ಹೋಗೋದು. ನಮ್ಮ ಭಾಷೆಯಿಂದಲೇ ನೋಡಿ. ನಾವು 'ಅವನಿಗೆ ಹೊಟ್ಟೆ ಉರಿ' ಅಂತೀವಿ. ಅದನ್ನ ಪದಕ್ಕೆ ಪದ ಇಂಗ್ಲಿಷ್‌ಗೆ ತಿರುಗಿಸಿ ಹೇಳಿದರೆ ಡಾಕ್ಟರು ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಡ್ತಾರೆ. ಹೀಬ್ರೂ ಭಾಷೆಯಲ್ಲಿ ಮನುಷ್ಯನ ಒಳಭಾವಗಳು ಇರೋ ಜಾಗಗಳಲ್ಲಿ ಒಂದು ಮೂತ್ರಪಿಂಡ. ದೇವರು ಮೂತ್ರಪಿಂಡ ಪರೀಕ್ಷೆ ಮಾಡ್ತಾನೆ ಅಂತ ಕನ್ನಡದಲ್ಲಿ ಬರೆದರೆ ಓದೋರು ಸ್ಕ್ಯಾನಿಂಗ್ ಸೆಂಟರ್ ನೆನಪು ಮಾಡ್ಕೋತಾರೆ. ಆದ್ದರಿಂದ ಪದಕ್ಕೆ ಪದ ಅನ್ನೋರೂ ಅಲ್ಲಲ್ಲಿ ಅರ್ಥದ ಕಡೆ ವಾಲಲೇಬೇಕು.

ಹಾಗಂತ ಪದದ ಹಿಂದೆ ಹೋಗೋದೆಲ್ಲ ಪೆದ್ದುತನ ಅಂತಲ್ಲ. ಯೋಹಾನನ ಸುವಾರ್ತೆಯಲ್ಲಿ ಯೇಸು ಮುಖ್ಯವಾದದ್ದನ್ನ ಹೇಳೋ ಮುಂಚೆ 'ಆಮೆನ್' ಅನ್ನೋದನ್ನ ಎರಡು ಸಲ ಹೇಳ್ತಾರೆ. ಹಳೆಯ ಕನ್ನಡ ಅನುವಾದ ಅದನ್ನ 'ನಿಜನಿಜವಾಗಿ' ಅಂತ ಮಾಡಿತು. ನಮ್ಮ ಜನ 'ಬೇಗಬೇಗ', 'ಬಿಸಿಬಿಸಿ' ಅನ್ನೋ ಹಾಗೆ. ಮೂಲದ ಜೋಡಿಯೂ ಉಳಿಯಿತು, ಕನ್ನಡವೂ ಉಳಿಯಿತು. ಅದೇ ಹಳೆಯ ಅನುವಾದದಲ್ಲಿ 'ಮಾಡಲ್ಪಡಲಿ', 'ಎಣಿಸಲ್ಪಡಲಿ' ಅನ್ನೋ ಥರದ ಬಿಗಿ ಪದಗಳೂ ಇವೆ, ಯಾರ ಮನೆಯಲ್ಲೂ ಮಾತಾಡದ ಕನ್ನಡ. ಇಯರ್‌ಫೋನ್ ಹಾಕಿ ಆಡಿಯೋ ಬೈಬಲ್ ಕೇಳೋರಿಗೆ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಓದುವಾಗ ಹಿಂದಕ್ಕೆ ಹೋಗಿ ಮತ್ತೆ ನೋಡಬಹುದು. ಕೇಳುವಾಗ ಅರ್ಥ ಆಗದೆ ಹೋದ ವಾಕ್ಯ ಹೋಯ್ತು ಅಂತಲೇ ಲೆಕ್ಕ.

ಸರ್ವೇಶ್ವರ, ಯೆಹೋವ

ದೇವರ ಹೆಸರಿನಲ್ಲೂ ಇದೇ ಕಥೆ. ಹೀಬ್ರೂ ಗ್ರಂಥದಲ್ಲಿ ದೇವರ ಹೆಸರು ನಾಲ್ಕು ವ್ಯಂಜನಗಳಲ್ಲಿದೆ. ಯೆಹೂದ್ಯರು ಭಕ್ತಿಯಿಂದ ಅದನ್ನ ಉಚ್ಚರಿಸಲ್ಲ. ಅದರ ಬದಲು 'ಒಡೆಯ' ಅನ್ನೋ ಅರ್ಥದ ಬೇರೆ ಪದ ಹೇಳ್ತಾರೆ. ಆ ಪದದ ಸ್ವರಗಳು ಈ ವ್ಯಂಜನಗಳ ಜೊತೆ ಬೆರೆತು 'ಯೆಹೋವ' ಅನ್ನೋ ರೂಪ ಬಂತು ಅಂತ ಭಾಷಾ ವಿದ್ವಾಂಸರು ವಿವರಿಸ್ತಾರೆ. ಕನ್ನಡದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಈ ರೂಪ ಹಾಡಿನಲ್ಲಿ, ಪ್ರಾರ್ಥನೆಯಲ್ಲಿ ಬೇರೂರಿದೆ. ಯೆಹೋವನ ಸಾಕ್ಷಿಗಳು ಅನ್ನೋ ಪಂಗಡದವರಂತೂ ತಮ್ಮದೇ ಅನುವಾದದಲ್ಲಿ ಹೊಸ ಒಡಂಬಡಿಕೆಗೂ ಈ ಹೆಸರನ್ನ ತಂದಿದ್ದಾರೆ. ಉಳಿದ ಸಭೆಗಳು ಅದನ್ನ ಒಪ್ಪಲ್ಲ. ಸಿ.ಎಲ್. ಮಾತ್ರ 'ಸರ್ವೇಶ್ವರ' ಅನ್ನುತ್ತೆ. 2008ರಲ್ಲಿ ವ್ಯಾಟಿಕನ್ ಕೂಡ, ಪೂಜೆಯಲ್ಲಿ ಆ ನಾಲ್ಕಕ್ಷರದ ಹೆಸರನ್ನ ಉಚ್ಚರಿಸಬೇಡಿ ಅಂತ ಸೂಚನೆ ಕೊಟ್ಟಿತು.

'ಸರ್ವೇಶ್ವರ ಅಂದ್ರೆ ಅದರಲ್ಲಿ ಈಶ್ವರ ಬಂದ, ಅದು ನಮ್ಮ ಪದ ಅಲ್ಲ' ಅನ್ನೋ ಆಕ್ಷೇಪ ಕೇಳಿರ್ತೀರಿ. ಆದ್ರೆ ಈ ಪದ ಕ್ರೈಸ್ತರ ಬಾಯಿಗೆ ನಿನ್ನೆ ಮೊನ್ನೆ ಬಂದಿದ್ದಲ್ಲ. 17ನೇ ಶತಮಾನದಲ್ಲಿ ಮದುರೈನಲ್ಲಿದ್ದ ರಾಬರ್ಟ್ ಡಿ ನೊಬಿಲಿ ತಮಿಳಿನಲ್ಲಿ ಇದೇ ಪದ ಬಳಸಿದರು. ತೆಲುಗು ಕ್ಯಾಥೋಲಿಕರೂ ದೇವರನ್ನ ಸರ್ವೇಶ್ವರುಡು ಅಂತಾರೆ. ಹಾಗೆ ನೋಡಿದರೆ, ಅದನ್ನ ಆಕ್ಷೇಪಿಸೋರ ಕೈಯಲ್ಲಿರೋ ಪುಸ್ತಕದ ಹೆಸರೇನು? ಸತ್ಯವೇದ. ವೇದ ಯಾರ ಪದ? ಕನ್ನಡದಲ್ಲಿ ಮಾತಾಡೋಕೆ ಹೊರಟ ಮೇಲೆ ಕನ್ನಡದ ಪದಗಳನ್ನ, ಅವುಗಳ ಮೈಮೇಲಿನ ಹಳೆಯ ನೆನಪುಗಳ ಸಮೇತ, ಒಪ್ಪಿಕೊಳ್ಳಲೇಬೇಕು.

ಒಂದು ಸ್ನಾನಕ್ಕೆ ಒಡೆದ ಸೊಸೈಟಿ

ಮೊದಲು ಹೇಳಿದ ಸ್ನಾನದ ಪದಕ್ಕೆ ಬರ್ತೀನಿ. ಗ್ರೀಕ್‌ನ ಆ ಕ್ರಿಯಾಪದಕ್ಕೆ ಮುಳುಗಿಸು, ಅದ್ದು ಅನ್ನೋ ಅರ್ಥ ಇದೆ. ಕೇರಿಯವರ ತಂಡ ಬ್ಯಾಪ್ಟಿಸ್ಟರದ್ದು. ಅವರ ಪ್ರಕಾರ ನಂಬಿಕೆ ಬಂದ ದೊಡ್ಡವರು ನೀರಲ್ಲಿ ಪೂರ್ತಿ ಮುಳುಗಿ ಏಳಬೇಕು. ಹಾಗಾಗಿ ಬಂಗಾಳಿ ಬೈಬಲ್‌ನಲ್ಲಿ ಮುಳುಗೋದು ಅನ್ನೋ ಅರ್ಥದ ಪದವನ್ನೇ ಇಟ್ಟರು. ಮಗುವಿನ ತಲೆಗೆ ನೀರು ಹಾಕಿ ದೀಕ್ಷೆ ಕೊಡೋ ಸಭೆಗಳಿಗೆ ಅದು ಒಪ್ಪಿಗೆ ಆಗಲಿಲ್ಲ. 1830ರ ದಶಕದಲ್ಲಿ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ, ಎಲ್ಲರಿಗೂ ಒಪ್ಪೋ ಪದ ಹಾಕದಿದ್ದರೆ ಹಣ ಕೊಡಲ್ಲ ಅಂತು. ಬ್ಯಾಪ್ಟಿಸ್ಟರು 1840ರಲ್ಲಿ ಲಂಡನ್‌ನಲ್ಲಿ ಬೈಬಲ್ ಟ್ರಾನ್ಸ್‌ಲೇಷನ್ ಸೊಸೈಟಿ ಅಂತ ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ಒಂದು ಪದಕ್ಕೆ!

ತೆಲುಗಿನವರು ಗ್ರೀಕ್ ಪದವನ್ನೇ ತೆಲುಗು ಮಾಡಿ ಬಾಪ್ತಿಸ್ಮಮು ಅಂದುಬಿಟ್ಟರು. ಜಗಳ ಇಲ್ಲ, ಆದ್ರೆ ಅರ್ಥವನ್ನ ಬೇರೆ ಯಾರಾದ್ರೂ ವಿವರಿಸಬೇಕು. ಕನ್ನಡದವರು ಸ್ನಾನ ಅಂದರು, ಜೊತೆಗೆ ದೀಕ್ಷೆ ಸೇರಿಸಿದರು. ಸ್ನಾನ ಅಂದಾಗ ಮುಳುಗಬಹುದು, ತಲೆಮೇಲೆ ಹೊಯ್ದುಕೊಳ್ಳಬಹುದು, ಎರಡಕ್ಕೂ ಜಾಗ ಇದೆ. ಇವತ್ತು ಗೌರಿಬಿದನೂರಿನ ಕಡೆ ಮಗುವಿಗೆ ದೀಕ್ಷೆ ಕೊಡೋ ಸಭೆಯವರೂ, ದೊಡ್ಡವರನ್ನ ತೊಟ್ಟಿಯಲ್ಲೋ ಕೆರೆಯಲ್ಲೋ ಮುಳುಗಿಸೋ ಸಭೆಯವರೂ ಒಂದೇ ದೀಕ್ಷಾಸ್ನಾನ ಅನ್ನೋ ಪದ ಬಳಸೋಕೆ ಆಗೋದು ಅದಕ್ಕೇ.

'ಕೆಲವು ವಚನ ಕಿತ್ತುಹಾಕಿದ್ದಾರೆ' ಅನ್ನೋ ಫಾರ್ವರ್ಡ್

ವಾಟ್ಸ್ಆ್ಯಪ್‌ನಲ್ಲಿ ಇದು ಆಗಾಗ ಬರುತ್ತೆ: ಹೊಸ ಬೈಬಲ್‌ಗಳಲ್ಲಿ ಇಂಥಿಂಥ ವಚನ ಮಾಯ, ಇದು ಸಂಚು. ಇಂಗ್ಲಿಷ್‌ನ 1611ರ ಕಿಂಗ್ ಜೇಮ್ಸ್ ಬೈಬಲ್ ಒಂದೇ ಸರಿ ಅನ್ನೋ ಗುಂಪುಗಳಿಂದ ಹೊರಟ ವಾದ ಇದು. ವಚನಗಳು ಅಡಿಟಿಪ್ಪಣಿಗೆ ಹೋಗಿರೋದು, ಆವರಣದೊಳಗೆ ಸೇರಿರೋದು ನಿಜ. ಕಾರಣ ಮಾತ್ರ ಸಂಚಲ್ಲ. ಕಿಂಗ್ ಜೇಮ್ಸ್‌ನ ಹೊಸ ಒಡಂಬಡಿಕೆಗೆ ಆಧಾರ 16ನೇ ಶತಮಾನದಲ್ಲಿ ಎರಾಸ್ಮಸ್ ಶುರುಮಾಡಿದ ಗ್ರೀಕ್ ಮುದ್ರಣ. ಅವರ ಕೈಗೆ ಸಿಕ್ಕಿದ್ದು ತಡವಾಗಿ ನಕಲಾದ ಕೆಲವೇ ಹಸ್ತಪ್ರತಿಗಳು. ಆಮೇಲೆ, 19ನೇ ಶತಮಾನದಲ್ಲಿ ಸಿನಾಯ್ ಬೆಟ್ಟದ ಮಠದಿಂದ 4ನೇ ಶತಮಾನದ ಪ್ರತಿ ಬೆಳಕಿಗೆ ಬಂತು. ಬೇರೆಯವೂ ಬಂದವು. ಹಳೆಯ ಪ್ರತಿಗಳಲ್ಲಿ ಇಲ್ಲದ ಕೆಲವು ಸಾಲುಗಳು ನಂತರದವರು ನಕಲು ಮಾಡುವಾಗ ಸೇರಿದವು ಅಂತ ಗೊತ್ತಾಯ್ತು. ಯೋಹಾನನ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ತ್ರಿತ್ವದ ಬಗ್ಗೆ ಇದ್ದ ಒಂದು ಸಾಲನ್ನ ಎರಾಸ್ಮಸ್ ಅವರೇ 1516ರ ಮೊದಲ ಮುದ್ರಣದಲ್ಲಿ ಬಿಟ್ಟಿದ್ದರು. ಒತ್ತಡ ಬಂದು 1522ರಲ್ಲಿ ಸೇರಿಸಿದರು.

ನಮ್ಮಲ್ಲಿ ಶಾಸನ, ತಾಳೆಗರಿ ಓದೋರು ಮಾಡೋದೂ ಇದನ್ನೇ ಅಲ್ವಾ? ನಾಲ್ಕು ಪ್ರತಿ ಹೋಲಿಸಿ ಪಾಠ ನಿರ್ಣಯ ಮಾಡ್ತಾರೆ. ಅದನ್ನ ಯಾರೂ ಪಂಪನ ವಿರುದ್ಧ ಸಂಚು ಅನ್ನಲ್ಲ. ಆದ್ರೆ ಗ್ರಂಥವನ್ನ ಪವಿತ್ರ ಅಂತ ನಂಬಿದೋರಿಗೆ ಅದು ಅಷ್ಟು ಹಗುರವಾಗಿ ಕೇಳಿಸಲ್ಲ. ಆ ಕಳವಳಕ್ಕೆ ನಗಬಾರದು, ವಿವರ ಕೊಡಬೇಕು.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ 'ಕನ್ನಡ'

ಈ ತಾಲ್ಲೂಕುಗಳಲ್ಲಿ ಇನ್ನೊಂದು ಪದರ ಇದೆ. ಇಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಕಲಿಕೆ ಕನ್ನಡ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು, ಯೋಗಿ ನಾರೇಯಣರು, ಎರಡೂ ಭಾಷೆಯಲ್ಲಿ ಹಾಡು ಕಟ್ಟಿದರು. ಅವರ ಭಕ್ತರು ಇಂದಿಗೂ ಯಾವ ಮುಜುಗರ ಇಲ್ಲದೆ ಎರಡನ್ನೂ ಹಾಡ್ತಾರೆ. ಕ್ರೈಸ್ತ ಮನೆಗಳಲ್ಲೂ ಹೀಗೇ. ಅಜ್ಜಿ ತೆಲುಗಲ್ಲಿ ಪ್ರಾರ್ಥನೆ ಮಾಡ್ತಾರೆ, ಮೊಮ್ಮಗಳು ಕನ್ನಡದಲ್ಲಿ ಓದ್ತಾಳೆ, ಯೂಟ್ಯೂಬ್‌ನಲ್ಲಿ ಆಂಧ್ರ, ತೆಲಂಗಾಣದ ತೆಲುಗು ಹಾಡು. ತೆಲುಗು ಲಿಪಿ ಬಾರದ ಮಕ್ಕಳಿಗೆ ಅಜ್ಜಿಯ ಬೈಬಲ್ ಬರೀ ಬೀರುವಿನಲ್ಲಿರೋ ಪುಸ್ತಕ. ಅದೇ ಅಧ್ಯಾಯವನ್ನ ಆಡಿಯೋದಲ್ಲಿ ಹಾಕಿದರೆ ಇಬ್ಬರೂ ಒಟ್ಟಿಗೆ ಕೇಳಬಹುದು. ತಂತ್ರಜ್ಞಾನ ಅನುವಾದದ ಜಗಳ ಹೆಚ್ಚಿಸಿದೆ ಅಂತಾರೆ. ಇಲ್ಲಿ ಮಾತ್ರ ಅದು ಎರಡು ತಲೆಮಾರನ್ನ ಒಂದೇ ಚಾಪೆ ಮೇಲೆ ಕೂರಿಸಬಲ್ಲದು.

ಭಾಷೆಯ ಪ್ರಶ್ನೆ ಎಷ್ಟು ಬಿಸಿ ಆಗಬಹುದು ಅನ್ನೋದಕ್ಕೆ ಬೆಂಗಳೂರು ಕ್ಯಾಥೋಲಿಕ್ ಮಹಾಧರ್ಮಕ್ಷೇತ್ರ ಉದಾಹರಣೆ. ಚಿಕ್ಕಬಳ್ಳಾಪುರ ಜಿಲ್ಲೆಯೂ ಅದರ ವ್ಯಾಪ್ತಿಯಲ್ಲೇ ಬರುತ್ತೆ. ಅಲ್ಲಿ ಪೂಜೆ ಕನ್ನಡದಲ್ಲಿ ಆಗಬೇಕೋ, ತಮಿಳಿನಲ್ಲೋ ಅನ್ನೋದು ದಶಕಗಳ ಕಾಲ ಹೋರಾಟವೇ ಆಗಿತ್ತು. ದೇವರು ಯಾರ ಭಾಷೆಯಲ್ಲಿ ಮಾತಾಡ್ತಾರೆ ಅನ್ನೋದು, ಈ ಊರು ಯಾರದು ಅನ್ನೋ ಪ್ರಶ್ನೆಗೂ ತಗುಲಿಕೊಳ್ಳುತ್ತೆ.

ಹಾಗಾದ್ರೆ ಏನು ಮಾಡೋದು?

ನಮ್ಮ ಕೇಳುಗರಿಗೆ ನನ್ನ ಉತ್ತರ ಇದು. ಯಾವ ಅನುವಾದ ದೇವರ ವಾಕ್ಯ ಅಂತ ತೀರ್ಪು ಕೊಡೋದು ನನ್ನ ಕೆಲಸ ಅಲ್ಲ. ಅದು ನಿಮ್ಮ ನಂಬಿಕೆಗೂ ನಿಮ್ಮ ಸಭೆಗೂ ಬಿಟ್ಟಿದ್ದು. ಆದ್ರೆ 'ಯಾರೋ ತಿದ್ದಿ ಮಾಡಿದ್ದು' ಅನ್ನೋ ಮಾತು ಕನ್ನಡದ ಎಲ್ಲಾ ಬೈಬಲ್‌ಗೂ ಅನ್ವಯಿಸುತ್ತೆ, ಹಿರಿಯರ ಕೈಯಲ್ಲಿರೋದಕ್ಕೂ ಕೂಡ. ಪ್ರತಿಯೊಂದನ್ನೂ ಮನುಷ್ಯರೇ ಕೂತು, ಒಂದೊಂದು ಪದಕ್ಕೆ ತಲೆ ಕೆರೆದುಕೊಂಡು, ತಿದ್ದಿ ಮಾಡಿದ್ದಾರೆ. ತಿದ್ದೋದು ಇಲ್ಲಿ ಮೋಸ ಅಲ್ಲ, ಕೆಲಸ.

ಯಾವುದೇ ಅನುವಾದ ಕೈಗೆ ತಗೊಂಡಾಗ ಮೂರು ಪ್ರಶ್ನೆ ಕೇಳಿ. ಒಂದು, ಇದನ್ನ ಯಾರು ಪ್ರಕಟಿಸಿದ್ದು? ಹಲವು ಸಭೆಗಳು ಕೂಡಿಯೋ, ಒಂದೇ ಪಂಗಡವೋ? ಎರಡು, ಇದು ಹೀಬ್ರೂ, ಗ್ರೀಕ್ ಮೂಲದಿಂದ ಬಂದಿದ್ದೋ, ಇಂಗ್ಲಿಷ್‌ನಿಂದ ಬಂದಿದ್ದೋ? ಮುನ್ನುಡಿಯಲ್ಲಿ ಸಾಮಾನ್ಯವಾಗಿ ಬರೆದಿರ್ತಾರೆ. ಆ್ಯಪ್‌ನಲ್ಲಾದ್ರೆ ಆವೃತ್ತಿಯ ಹೆಸರಿನ ಪಕ್ಕದ ಮಾಹಿತಿ ಒತ್ತಿ ನೋಡಿ. ಮೂರು, ಇದು ಯಾರಿಗೋಸ್ಕರ? ಬಾಯಿಪಾಠಕ್ಕೋ, ಸಭೆಯಲ್ಲಿ ಗಟ್ಟಿಯಾಗಿ ಓದೋಕೋ, ಮೊದಲ ಸಲ ಓದೋರಿಗೋ? ಒಂದು ವಚನ ತೊಡಕಾದ್ರೆ ಮೂರು ಅನುವಾದ ಪಕ್ಕಪಕ್ಕ ಇಟ್ಟು ನೋಡಿ. ಮೂರೂ ಒಂದೇ ಹೇಳಿದರೆ ನೆಮ್ಮದಿ. ಬೇರೆಬೇರೆ ಹೇಳಿದರೆ, ಮೂಲದಲ್ಲೇ ಏನೋ ಗಂಟು ಇದೆ ಅಂತ ಅರ್ಥ. ಅಂಥ ಜಾಗವನ್ನೇ ನಿಮ್ಮ ಪಾಸ್ಟರನ್ನೋ ಫಾದರನ್ನೋ ಕೇಳಿ. ಒಳ್ಳೆಯ ಮಾತುಕತೆ ಅಲ್ಲಿಂದ ಶುರುವಾಗುತ್ತೆ.

ಕೊನೆಯದಾಗಿ, ಕೂಟದಲ್ಲಿ ಗಟ್ಟಿಯಾಗಿ ಓದೋ ಸರದಿ ಬಂದಾಗ ಅಲ್ಲಿನವರ ಪುಸ್ತಕದಿಂದಲೇ ಓದಿ. ಓಯಾದ ಜನರ ಸೋರೆ ಬಳ್ಳಿ ನೆನಪಿರಲಿ. ಆ ಪದಗಳ ಜೊತೆ ಅವರು ಮಕ್ಕಳಿಗೆ ಹೆಸರಿಟ್ಟಿದ್ದಾರೆ, ಸತ್ತವರನ್ನ ಮಣ್ಣಿಗೆ ಕೊಟ್ಟಿದ್ದಾರೆ. ಮನೆಗೆ ಬಂದು ನಿಮಗೆ ಅರ್ಥ ಆಗೋ ಕನ್ನಡದಲ್ಲಿ ಅದನ್ನೇ ಇನ್ನೊಂದು ಸಲ ಓದಿಕೊಳ್ಳಿ. ಎರಡೂ ಮಾಡಬಹುದು. ಒಂದಕ್ಕೋಸ್ಕರ ಇನ್ನೊಂದನ್ನ ಬೈಯಬೇಕಾಗಿಲ್ಲ.

ನಿಮ್ಮ ಮನೆಯಲ್ಲಿ ಇದಕ್ಕೆ ಯಾವ ಪದ ಬಳಸ್ತೀರಿ? ದೀಕ್ಷಾಸ್ನಾನವೋ, ಸ್ನಾನದೀಕ್ಷೆಯೋ, ಜ್ಞಾನಸ್ನಾನವೋ, ಬಾಪ್ತಿಸ್ಮಮುವೋ? ವಾಯ್ಸ್ ನೋಟ್ ಕಳಿಸಿ, ಯಾವ ಊರು ಅಂತಲೂ ಹೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.